ಶಾಂಘೈಯಲ್ಲಿ ಹೀಗಿರಲಿಲ್ಲ

ಚೀನಾದಲ್ಲಿ ಬದುಕು ಕಟ್ಟಿಕೊಂಡ ಹೊರದೇಶದವರಲ್ಲಿ ಎರಡು ಬಗೆ. ಈಗಷ್ಟೇ ವಿಮಾನ ಇಳಿದವನು ಒಂದು ಬಗೆ. ಅಲ್ಲಿನ ಒಂದು ಊರಿನಲ್ಲಿ ನಾಲ್ಕಾರು ವರ್ಷ ಇದ್ದು, ಇನ್ನೊಂದು ಊರಿಗೆ ಗಂಟುಮೂಟೆ ಕಟ್ಟಿದವನು ಮತ್ತೊಂದು. ಮೊದಲನೆಯವನಿಗೆ ಏನೂ ಗೊತ್ತಿಲ್ಲ; ಗೊತ್ತಿಲ್ಲವೆಂಬುದು ಅವನಿಗೂ ಗೊತ್ತು. ಹಾಗಾಗಿ ಅವನಿಂದ ಯಾರಿಗೂ ಉಪದ್ರವವಿಲ್ಲ. ಎರಡನೆಯವನಿಗೆ ಎಲ್ಲವೂ ಗೊತ್ತು, ಆದರೆ ಗೊತ್ತಿರುವುದೆಲ್ಲ ಹಿಂದಿನ ಊರಿನದು. ಇಲ್ಲಿ ಹೇಳಹೊರಟಿರುವುದು ಈ ಎರಡನೆಯವನ ವಿಚಾರ.

ಇವನನ್ನು ಗುರುತಿಸಲು ಹೆಚ್ಚು ಶ್ರಮ ಬೇಡ. ಹೊಸ ಊರಿನಲ್ಲಿ ಲಿಫ್ಟ್ ತಡವಾದರೂ, ನೂಡಲ್ಸ್ ಖಾರವಾದರೂ, ಮಳೆ ಬಂದರೂ, ಬಾರದಿದ್ದರೂ ಇವನ ಬಾಯಿಂದ ಬರುವುದು ಒಂದೇ ಮಾತು: "ಶಾಂಘೈಯಲ್ಲಿ ಹೀಗಿರಲಿಲ್ಲ." ಬೀಜಿಂಗಿನಿಂದ ಬಂದವನು ಬೀಜಿಂಗ್ ಎನ್ನುತ್ತಾನೆ, ಗ್ವಾಂಗ್‌ಝೌನಿಂದ ಬಂದವನು ಗ್ವಾಂಗ್‌ಝೌ ಎನ್ನುತ್ತಾನೆ. ಊರಿನ ಹೆಸರು ಬದಲಾದೀತು, ರಾಗ ಬದಲಾಗದು. ಈ ಬರಹಕ್ಕೆ ಮಾದರಿಯಾಗಿ ಶಾಂಘೈಯಿಂದ ಸಿಚುವಾನ್ ಪ್ರಾಂತ್ಯದ ರಾಜಧಾನಿ ಚೆಂಗ್ಡುವಿಗೆ ಹೋದವನನ್ನು ಆರಿಸಿಕೊಂಡಿದೆ. ಶಾಂಘೈ ಕಡಲ ಮಗ್ಗುಲಿನ ವ್ಯಾಪಾರದ ಊರು. ಚೆಂಗ್ಡು ಬೆಟ್ಟಗಳ ನಡುವಿನ ಬಟ್ಟಲಲ್ಲಿ ಕೂತು ಚಹಾ ಕುಡಿಯುವ ಊರು. ಒಂದರಿಂದ ಇನ್ನೊಂದಕ್ಕೆ ಅತಿವೇಗದ ರೈಲಿನಲ್ಲೂ ಹನ್ನೊಂದು ಹನ್ನೆರಡು ಗಂಟೆ ಹಿಡಿಯುತ್ತದೆ. ಇಷ್ಟಾಗಿಯೂ ಗಡಿಯಾರ ಮಾತ್ರ ಎರಡೂ ಕಡೆ ಒಂದೇ, ಏಕೆಂದರೆ ಇಡೀ ಚೀನಾಕ್ಕೆ ಬೀಜಿಂಗಿನ ಸಮಯ. ಇವನು ದೂರು ಹೇಳದ ಸಂಗತಿ ಅದೊಂದೇ.

2020ರ ಜನಗಣತಿಯಲ್ಲಿ ಚೀನಾದ ಮುಖ್ಯ ಭೂಭಾಗದಲ್ಲಿ ಲೆಕ್ಕಕ್ಕೆ ಸಿಕ್ಕ ವಿದೇಶಿಯರು 8,45,697 ಮಂದಿ. 140 ಕೋಟಿ ಜನರ ನಡುವೆ ಇದು ಹಂಡೆ ಸಾರಿಗೆ ಹಾಕಿದ ಸಾಸಿವೆ ಒಗ್ಗರಣೆ. ಪ್ರಮಾಣ ಕಡಿಮೆ, ಚಟಪಟ ಜಾಸ್ತಿ. ಊರವರು ಇವರನ್ನು ಕರೆಯುವುದು 'ಲಾವ್‌ವಾಯ್' ಎಂದು. ಲಾವ್ ಎಂದರೆ ಹಳೆಯ, ವಾಯ್ ಎಂದರೆ ಹೊರಗಿನ. ಸಲುಗೆಯ ಮಾತೇ ಹೊರತು ಬೈಗುಳವಲ್ಲ. ಆದರೂ ಬಿಡಿಸಿ ನೋಡಿದರೆ ಎಷ್ಟೇ ಹಳಬನಾದರೂ ಹೊರಗಿನವನೇ ಎಂಬ ತೀರ್ಪು ಅದರೊಳಗಿದೆ. ಈ ವಿಷಯದಲ್ಲಿ ಕನ್ನಡವೂ ಹಿಂದೆ ಬಿದ್ದಿಲ್ಲ. ನಮ್ಮಲ್ಲಿ ಪರದೇಶಿ ಎಂದರೆ ಹೊರದೇಶದವನೂ ಹೌದು, ಹೇಳುವವರು ಕೇಳುವವರು ಇಲ್ಲದವನೂ ಹೌದು. ಮೊದಲ ಊರಿನಲ್ಲಿ ಇವನು ಮೊದಲ ಅರ್ಥದ ಪರದೇಶಿ. ಎರಡನೆಯ ಊರಿಗೆ ಕಾಲಿಟ್ಟ ಕೂಡಲೇ ಎರಡನೆಯ ಅರ್ಥವೂ ಕೂಡಿಕೊಳ್ಳುತ್ತದೆ.

ಈ ಕುಲದ ಮೂಲಪುರುಷ ಮಾರ್ಕೊ ಪೋಲೊ ಎಂದು ಹಲವರ ನಂಬಿಕೆ. ಹದಿನೇಳು ವರ್ಷ ಅಲ್ಲಿದ್ದೆನೆಂದು ಹೇಳಿಕೊಂಡರೂ ಅವನ ಗ್ರಂಥದಲ್ಲಿ ಚಹಾದ ಸುದ್ದಿಯಿಲ್ಲ, ಊಟದ ಕಡ್ಡಿಗಳ ಸುದ್ದಿಯಿಲ್ಲ. ಎಲ್ಲ ಗೊತ್ತೆನ್ನುವವರ ಸಂಘಕ್ಕೆ ಅಧ್ಯಕ್ಷನಾಗಲು ಇಷ್ಟು ಅರ್ಹತೆ ಸಾಕು. ಆದರೆ ಊರು ಬದಲಿಸುವವರ ನಿಜವಾದ ಹಿರಿಯನೆಂದರೆ ಜೆಸ್ವಿಟ್ ಪಾದ್ರಿ ಮಟೆಯೊ ರಿಚಿ. 1583ರಲ್ಲಿ ಝಾವೋಚಿಂಗ್‌ನಲ್ಲಿ ನೆಲೆಯೂರಿದವನು ಶಾವ್‌ಝೌ, ನಾನ್‌ಚಾಂಗ್, ನಾನ್‌ಜಿಂಗ್ ಎಂದು ಊರಿಂದೂರಿಗೆ ಸರಿಯುತ್ತ 1601ರಲ್ಲಿ ಬೀಜಿಂಗ್ ಮುಟ್ಟಿದ. ಶುರುವಿನಲ್ಲಿ ಅವನು ತೊಟ್ಟದ್ದು ಬೌದ್ಧ ಭಿಕ್ಷುವಿನ ನಿಲುವಂಗಿ. ಅಧಿಕಾರಿಗಳ ಲೋಕದಲ್ಲಿ ಭಿಕ್ಷುಗಳಿಗೆ ಅಂಥ ಬೆಲೆಯಿಲ್ಲವೆಂದು ಅರಿವಾಗಲು ಹನ್ನೆರಡು ವರ್ಷ ಬೇಕಾಯಿತು. 1595ರಲ್ಲಿ ಅದನ್ನು ಕಳಚಿ ಕನ್‌ಫ್ಯೂಷಿಯಸ್ ಪಂಥದ ಪಂಡಿತರ ರೇಷ್ಮೆ ಉಡುಪು ಹಾಕಿಕೊಂಡ. ಹಿಂದಿನ ಊರಿನಲ್ಲಿ ಕಲಿತದ್ದು ತಪ್ಪೆಂದು ಒಪ್ಪಿಕೊಂಡು ಬಟ್ಟೆ ಬದಲಿಸಿದ ಇಂಥವನು ಈ ಕುಲದಲ್ಲಿ ಆಮೇಲೆ ಹೆಚ್ಚು ಹುಟ್ಟಿದಂತಿಲ್ಲ.

ಊರು ಬಿಡಲು ಇವನು ಕೊಡುವ ಕಾರಣ "ನಿಜವಾದ ಚೀನಾ ನೋಡಬೇಕು" ಎಂಬುದು. ಕಂಪನಿ ಕೊಡುವ ಕಾರಣ ಬೇರೆ: ಶಾಂಘೈಯ ಬಾಡಿಗೆ. ಇವೆರಡರ ನಡುವೆ ಸರ್ಕಾರದ್ದೊಂದು ಪ್ರೋತ್ಸಾಹವೂ ಉಂಟು. 2017ರಲ್ಲಿ ದೇಶಾದ್ಯಂತ ಜಾರಿಗೆ ಬಂದ ಕೆಲಸದ ಪರವಾನಗಿ ಪದ್ಧತಿಯಲ್ಲಿ ವಿದೇಶಿಯರನ್ನು ಎ, ಬಿ, ಸಿ ಎಂದು ವಿಂಗಡಿಸಿ ಶಾಲೆಯ ಮಕ್ಕಳಂತೆ ಅಂಕ ಹಾಕುತ್ತಾರೆ. 85 ಬಂದರೆ ಎ ದರ್ಜೆ, 60 ಬಂದರೆ ಬಿ. ಸಂಬಳಕ್ಕೆ ಅಂಕ, ಓದಿಗೆ ಅಂಕ, 26ರಿಂದ 45ರ ಪ್ರಾಯಕ್ಕೆ 15 ಅಂಕ; 60 ದಾಟಿದವನಿಗೆ ಸೊನ್ನೆ. ಚೀನಿ ಭಾಷೆಯ ಪರೀಕ್ಷೆಯಲ್ಲಿ ಐದನೆಯ ಮಟ್ಟ ಪಾಸಾದರೆ 5 ಅಂಕ. ಪಶ್ಚಿಮದ ಪ್ರಾಂತ್ಯಗಳಲ್ಲಿ ಕೆಲಸ ಹಿಡಿದರೆ 10. ಸಾವಿರಾರು ಅಕ್ಷರ ಬಾಯಿಪಾಠ ಮಾಡುವುದಕ್ಕಿಂತ ಒಂದು ರೈಲು ಟಿಕೆಟ್ ಎರಡರಷ್ಟು ಲಾಭವೆಂದು ಲೆಕ್ಕ ಬಲ್ಲವನಿಗೆ ತಕ್ಷಣ ಹೊಳೆಯುತ್ತದೆ. ಇವನು ಲೆಕ್ಕ ಬಲ್ಲವನೇ.

ಬಾಡಿಗೆ ಮನೆ ಹುಡುಕುವುದರಿಂದ ಇವನ ವಿದ್ಯೆಗೆ ಮೊದಲ ಪೆಟ್ಟು. ಕರಾರು ಮಾತ್ರ ಹಿಂದಿನ ಊರಿನಂತೆಯೇ: ಒಂದು ತಿಂಗಳ ಬಾಡಿಗೆ ಠೇವಣಿ, ಮೂರು ತಿಂಗಳದ್ದು ಮುಂಗಡ. ಹತ್ತು ತಿಂಗಳ ಅಡ್ವಾನ್ಸ್ ಎಣಿಸಿಕೊಟ್ಟು ಬೆಂಗಳೂರಿನಲ್ಲಿ ಬದುಕಿದವನಿಗೆ ಇದು ಧರ್ಮಕ್ಕೆ ಸಿಕ್ಕಿದಂತೆ ಕಾಣುತ್ತದೆ, ಯುರೋಪಿನವನಿಗೆ ಹಗಲುದರೋಡೆಯಂತೆ. ಕಟ್ಟಡದಲ್ಲಿ ನಾಲ್ಕನೆಯ ಮಹಡಿ ಇರುವುದಿಲ್ಲ, ಹದಿನಾಲ್ಕನೆಯದೂ ಇರುವುದಿಲ್ಲ, ಏಕೆಂದರೆ ನಾಲ್ಕು ಎಂಬ ಪದ ಸಾವು ಎಂಬ ಪದದಂತೆ ಕೇಳಿಸುತ್ತದೆ. ಮೂರರ ಮೇಲೆ ಐದು ಬರುವ ಈ ಗಣಿತ ಇವನಿಗೆ ಮೊದಲೇ ಗೊತ್ತು. ಲಿಫ್ಟಿನಲ್ಲಿ ಜೊತೆಗಿದ್ದವರಿಗೆಲ್ಲ ವಿವರಿಸುತ್ತಾನೆ. ಜೊತೆಗಿದ್ದವರೆಲ್ಲ ಚೀನೀಯರು.

ಆಮೇಲಿನದು ಪೊಲೀಸ್ ಠಾಣೆ. ಹೋಟೆಲು ಬಿಟ್ಟು ಬೇರೆ ಕಡೆ ಉಳಿಯುವ ವಿದೇಶಿಯ 24 ಗಂಟೆಯೊಳಗೆ ವಾಸದ ನೋಂದಣಿ ಮಾಡಿಸಬೇಕೆಂದು 2013ರ ಜುಲೈಯಲ್ಲಿ ಜಾರಿಯಾದ ಕಾನೂನು ಹೇಳುತ್ತದೆ. ತಪ್ಪಿದರೆ 2,000 ಯುವಾನ್‌ವರೆಗೆ ದಂಡ. ವಾಸದ ಪರವಾನಗಿಯಲ್ಲಿನ ವಿವರ ಬದಲಾದರೆ ಹತ್ತು ದಿನದೊಳಗೆ ತಿಳಿಸಬೇಕು. ಮನೆಯ ದಾಖಲೆಗಳು ಇರುವುದು ಮನೆಯೊಡತಿಯ ಕೈಯಲ್ಲಿ. ಮನೆಯೊಡತಿ ಇರುವುದು ಮಾಜಾಂಗ್ ಮೇಜಿನ ಮುಂದೆ. ಅಲ್ಲಿಂದ ಆಕೆಯನ್ನು ಎಬ್ಬಿಸುವುದು ಮದುವೆಮನೆಯ ಇಸ್ಪೀಟು ಮಂಡಲದಿಂದ ಸೋದರಮಾವನನ್ನು ಎಬ್ಬಿಸಿದಷ್ಟೇ ಸುಲಭ. ಇವನು "ಆಯಿ, ಆಯಿ" ಎಂದು ಗೋಗರೆಯುತ್ತಾನೆ. ಚೀನಿ ಭಾಷೆಯಲ್ಲಿ ಆಯಿ ಎಂದರೆ ಚಿಕ್ಕಮ್ಮ. ವಯಸ್ಸಾದ ಹೆಂಗಸರನ್ನೆಲ್ಲ ಹಾಗೆ ಕರೆಯಬಹುದು. ಧಾರವಾಡದ ಕಡೆಯವನಿಗೆ ಅದು ಅಜ್ಜಿಯನ್ನು ಕರೆದಂತೆಯೇ ಆಗುವುದರಿಂದ ಅವನ ದನಿಯಲ್ಲಿ ನಿಜವಾದ ದೈನ್ಯ ಇಳಿದಿರುತ್ತದೆ. ಆಟ ಮುಗಿಸಿ ಆಯಿ ಬರುತ್ತಾಳೆ. ಕೌಂಟರಿನ ಹುಡುಗ ಪಾಸ್‌ಪೋರ್ಟನ್ನು ಒಂದೊಂದೇ ಪುಟ ತಿರುವಿ, ಫೋಟೋ ನೋಡಿ, ಮುಖ ನೋಡಿ, ಮತ್ತೆ ಫೋಟೋ ನೋಡುತ್ತಾನೆ.

"ಶಾಂಘೈಯಲ್ಲಿ ಇದನ್ನೆಲ್ಲ ಮನೆಯಲ್ಲೇ ಕೂತು ಫೋನಿನಲ್ಲಿ ಮುಗಿಸುತ್ತಿದ್ದೆ" ಎನ್ನುತ್ತಾನೆ ಇವನು.

"ಹೌದಾ ಸಾರ್? ಹಾಗಿದ್ದರೆ ಅಲ್ಲಿ ಬಹಳ ಅನುಕೂಲ" ಎಂದು ಹುಡುಗ ಒಪ್ಪಿಕೊಂಡು, ಝೆರಾಕ್ಸ್ ಇನ್ನೊಂದು ಪ್ರತಿ ಬೇಕೆನ್ನುತ್ತಾನೆ.

ಚೀನಾದ ಕಾಗದಪತ್ರಗಳ ಲೋಕದಲ್ಲಿ ಸಹಿಗೆ ಅಷ್ಟು ಮರ್ಯಾದೆಯಿಲ್ಲ; ಮರ್ಯಾದೆಯೆಲ್ಲ ದುಂಡನೆಯ ಕೆಂಪು ಮೊಹರಿಗೆ. ಹಳೆಯ ಊರಿನಲ್ಲಿ ಕೆಲಸ ಬಿಟ್ಟ ಪತ್ರಕ್ಕೆ ಮೊಹರು, ಹಳೆಯ ಪರವಾನಗಿ ರದ್ದಾದ ಪತ್ರಕ್ಕೆ ಮೊಹರು, ಹೊಸ ಕರಾರಿಗೆ ಮೊಹರು. ಮೊಹರು ಸ್ವಲ್ಪ ಓರೆಯಾಗಿ ಬಿದ್ದರೆ ಮತ್ತೆ ಮೊದಲಿಂದ. ಇದನ್ನು ಇವನು ದೂರುವಷ್ಟು ಬೇರೆ ಯಾರೂ ದೂರುವುದಿಲ್ಲ. ಆದರೆ ಕಷ್ಟ ವಿದೇಶಿಯರಿಗೆ ಮಾತ್ರ ಮೀಸಲಲ್ಲ. ನಿನ್ನ ತಾಯಿಯೇ ನಿನ್ನ ತಾಯಿಯೆಂದು ರುಜುವಾತು ಮಾಡು ಎಂದು ಒಬ್ಬ ನಾಗರಿಕನನ್ನು ಕಚೇರಿಯವರು ಕೇಳಿದ ಪ್ರಸಂಗವನ್ನು 2015ರಲ್ಲಿ ಅಲ್ಲಿನ ಪ್ರಧಾನಿ ಲಿ ಕೆಚಿಯಾಂಗ್ ಅವರೇ ಎತ್ತಿ ಹಾಸ್ಯ ಮಾಡಿದ್ದರು.

ವಿದೇಶಿಯ ರುಜುವಾತು ಮಾಡಬೇಕಾದದ್ದು ತಾನು ತಾನೇ ಎಂಬುದನ್ನು. ಚೀನೀಯರ ಹೆಸರು ಎರಡೋ ಮೂರೋ ಅಕ್ಷರ. ಮನೆತನದ ಹೆಸರು ಮೊದಲು, ಕರೆಯುವ ಹೆಸರು ಆಮೇಲೆ. ಅವರ ಕಂಪ್ಯೂಟರುಗಳೂ ಅದಕ್ಕೆ ಒಗ್ಗಿದವು. ಅವುಗಳ ಎದುರಿಗೆ ಹಾಸನದ ಕಡೆಯ ಎಂಜಿನಿಯರ್ ಒಬ್ಬ ಬಂದು ನಿಂತ ಎನ್ನಿ. ಅವನ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು, ತನ್ನ ಹೆಸರು, ಇನಿಷಿಯಲ್ಲು ಬಿಚ್ಚಿ ಮೂರೂ ಇವೆ. ಶಾಂಘೈಯ ಬ್ಯಾಂಕಿನವರು ಅಪ್ಪನನ್ನು ಮುಂದಕ್ಕೆ ಹಾಕಿ ಜಾಗ ಬಿಡದೆ ಬರೆದಿದ್ದರು. ಚೆಂಗ್ಡುವಿನವರು ಊರನ್ನು ಮುಂದಕ್ಕೆ ಹಾಕಿ ಜಾಗ ಬಿಟ್ಟು ಬರೆದರು. ಫೋನಿನಲ್ಲಿ ದುಡ್ಡು ಕೊಡಲು ಬಳಸುವ ಅಲಿಪೇ ಎರಡನ್ನೂ ಜೋಡಿಸಿ ನೋಡಿ, ಇವರಿಬ್ಬರೂ ಬೇರೆ ಬೇರೆ ಮನುಷ್ಯರು ಎಂದು ತೀರ್ಮಾನಿಸಿತು. ಫೋನಿನಲ್ಲಿ ದುಡ್ಡು ಓಡದಿದ್ದರೆ ಚೀನಾದಲ್ಲಿ ಬದುಕೂ ಓಡುವುದಿಲ್ಲ. ಜೇಬಿನಲ್ಲಿ ನೂರು ಯುವಾನಿನ ನೋಟು ಇಟ್ಟುಕೊಂಡು, ಐದು ಯುವಾನಿನ ಹಬೆಕಡುಬಿನ ಮುಂದೆ ಹಸಿದು ನಿಂತವನ ಚಿತ್ರ ಈ ದಿನಗಳಿಗೆ ಸೇರಿದ್ದು. ಅಂಗಡಿಯವಳಲ್ಲಿ ಚಿಲ್ಲರೆ ಇರುವುದಿಲ್ಲ. ನೋಟನ್ನು ಆಕೆ ಅಜ್ಜಿಯ ಕಾಲದ ಒಡವೆಯಂತೆ ತಿರುಗಿಸಿ ನೋಡುತ್ತಾಳೆ.

ಇನ್ನು ಭಾಷೆ. ಶಾಂಘೈಯಲ್ಲಿ ಇವನು ವರ್ಷಗಟ್ಟಲೆ ಮ್ಯಾಂಡರಿನ್ ಪಾಠಕ್ಕೆ ಹೋಗಿ, ಷಕಾರ ಬಂದಲ್ಲಿ ನಾಲಿಗೆ ಮಡಿಸುವುದನ್ನು ಕಷ್ಟಪಟ್ಟು ಕಲಿತಿದ್ದಾನೆ. ಚೆಂಗ್ಡುವಿನ ಆಡುಮಾತಿಗೆ ಆ ಮಡಿಕೆಯೇ ಬೇಡ. ಅಲ್ಲಿ ಷಕಾರವೆಲ್ಲ ಸಕಾರ. ನಕಾರ ಲಕಾರಗಳೂ ಅನೇಕ ಕಡೆ ಬೆರೆತುಹೋಗುತ್ತವೆ. ಪುಸ್ತಕದಲ್ಲಿ 'ಹಾಲು' ಎಂದು ಕಲಿತು ಬಂದವನಿಗೆ ಮಂಡ್ಯದ ಸಂತೆಯಲ್ಲಿ 'ಆಲು' ಎಂದು ಕೇಳಿಸಿದರೆ ಹೇಗೋ ಹಾಗೆ. ಪುಸ್ತಕದ ಭಾಷೆಯಲ್ಲಿ ನಾಲ್ಕು ಎಂದರೆ 'ಸಿ', ಹತ್ತು ಎಂದರೆ 'ಷಿ'. ಚೆಂಗ್ಡುವಿನ ಬಾಯಲ್ಲಿ ಎರಡೂ 'ಸಿ'. ವ್ಯತ್ಯಾಸವೆಲ್ಲ ದನಿಯ ಏರಿಳಿತದಲ್ಲಿ.

ತರಕಾರಿ ಮಾರುಕಟ್ಟೆಯಲ್ಲಿ ಇದರ ಪ್ರಯೋಗ ನಡೆಯುತ್ತದೆ. ಮುದುಕಿಯೊಬ್ಬಳು ಪಾಲಕ್ ಕಟ್ಟಿಗೆ "ಸಿ" ಎನ್ನುತ್ತಾಳೆ. ಇವನು ಶಾಂಘೈಯ ಪಾಠವನ್ನೆಲ್ಲ ನೆನೆದು, ಈ ಊರಿನಲ್ಲಿ ಷ ಇಲ್ಲ, ಆದ್ದರಿಂದ ಇದು ಷಿ, ಆದ್ದರಿಂದ ಹತ್ತು ಎಂದು ತರ್ಕಿಸಿ, ಕ್ಯೂಆರ್ ಚೌಕಕ್ಕೆ ಫೋನು ಹಿಡಿದು ಹತ್ತು ಯುವಾನ್ ಕಳಿಸುತ್ತಾನೆ. ತಕ್ಕಡಿ ಪಕ್ಕದ ಡಬ್ಬಿಯಿಂದ "ಹತ್ತು ಯುವಾನ್ ಜಮೆ" ಎಂದು ಶುದ್ಧ ಮ್ಯಾಂಡರಿನ್‌ನಲ್ಲಿ ಘೋಷಣೆ ಹೊರಡುತ್ತದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ. ಬೆಲೆ ನಾಲ್ಕು. ಮುದುಕಿ ನಗುತ್ತ ಆರು ಯುವಾನಿಗೆ ಬದಲಾಗಿ ಮೂಲಂಗಿ, ಶುಂಠಿ, ಮತ್ತೊಂದು ಕಟ್ಟು ಪಾಲಕ್ ತುಂಬಿ, ಮೇಲೆ ಒಂದು ಹಿಡಿ ಈರುಳ್ಳಿ ಹೂವಿನ ಸೊಪ್ಪು ಕೊಸರು ಹಾಕುತ್ತಾಳೆ. ಕೊಸರು ಎಂಬುದು ಅಲ್ಲಿಯೂ ಉಂಟು. ಅದರ ಮರುದಿನದಿಂದ ಮಾರುಕಟ್ಟೆಗೆ ಹೆಂಡತಿ ಹೋಗುತ್ತಾಳೆ. ಪಾಠಕ್ಕೆ ಹೋಗದ ಆಕೆ ಬೆರಳು ತೋರಿಸಿ, ತಲೆಯಾಡಿಸಿ, ಮೂರು ವಾರದೊಳಗೆ ಮುದುಕಿಯ ಮೊಮ್ಮಗನಿಗೆ ಎಷ್ಟು ಹಲ್ಲು ಬಂದಿದೆ ಎಂಬುದರ ತನಕ ತಿಳಿದುಕೊಂಡಿರುತ್ತಾಳೆ.

ಊಟದ ವಿಚಾರದಲ್ಲಿ ಇವನ ದೂರು ದಿಕ್ಕು ಬದಲಿಸುತ್ತದೆ. ಶಾಂಘೈಯಲ್ಲಿದ್ದಾಗ ಎಲ್ಲ ಪದಾರ್ಥಕ್ಕೂ ಸಕ್ಕರೆ ಸುರಿಯುತ್ತಾರೆಂದು ಗೊಣಗುತ್ತಿದ್ದವನು ಚೆಂಗ್ಡುವಿಗೆ ಬಂದ ದಿನದಿಂದ ಆ ಸಕ್ಕರೆಯ ಗುಣಗಾನಕ್ಕೆ ತೊಡಗುತ್ತಾನೆ. ಸಿಚುವಾನಿನ ಅಡುಗೆಯ ಪ್ರಾಣ 'ಮಾಲಾ'ದಲ್ಲಿದೆ. ಲಾ ಎಂದರೆ ಖಾರ. ಮಾ ಎಂದರೆ ಜೋಮು. ಜೋಮು ಹಿಡಿಸುವುದು ಹ್ವಾಜ್ಯಾವ್ ಎಂಬ ಸಣ್ಣ ಕಾಯಿ. ಅದು ಉತ್ತರ ಕನ್ನಡದವರು ಸಾರಿಗೆ ಜಜ್ಜಿ ಹಾಕುವ ಜುಮ್ಮನಕಾಯಿಯ ದಾಯಾದಿ. ಎರಡೂ ಒಂದೇ ಕುಲದ ಗಿಡಗಳು. ಆಂಧ್ರದ ಊಟ ಉಂಡು ಬೆಳೆದವನು ಖಾರಕ್ಕೆ ಹೆದರುವುದಿಲ್ಲವೆಂದು ಜಂಬ ಕೊಚ್ಚಿಕೊಂಡು ಹಾಟ್‌ಪಾಟ್ ಮುಂದೆ ಕೂರುತ್ತಾನೆ. ಹತ್ತು ನಿಮಿಷದ ಮೇಲೆ ತುಟಿ ಇದೆಯೋ ಇಲ್ಲವೋ ಎಂದು ಕೈಯಿಂದ ಮುಟ್ಟಿ ನೋಡಿಕೊಳ್ಳುತ್ತಾನೆ. ಆಗ ಅವನು "ಶಾಂಘೈಯಲ್ಲಿ" ಎನ್ನಲು ಹೊರಟರೂ ಅದು "ಫಾಂಫೈಯಲ್ಲಿ" ಎಂದು ಹೊರಬೀಳುತ್ತದೆ.

ಸಸ್ಯಾಹಾರಿಯ ಪಾಡು ಇನ್ನೊಂದು ಬಗೆ. ಮಾಂಸ ಬೇಡವೆಂದರೆ ಹುರುಳಿಕಾಯಿ ಪಲ್ಯ ತಂದಿಡುತ್ತಾರೆ; ಅದರ ಮೇಲೆ ಕೊಚ್ಚಿದ ಹಂದಿಮಾಂಸ ಉದುರಿಸಿರುತ್ತದೆ. ಕೇಳಿದರೆ, ಇದು ಮಾಂಸವಲ್ಲ, ರುಚಿಗೆ ಹಾಕಿದ್ದು ಎಂಬ ಉತ್ತರ. ದಾರಿ ಬಲ್ಲವರು ವೆನ್‌ಶು ಬೌದ್ಧವಿಹಾರದ ಭೋಜನಶಾಲೆಗೆ ಹೋಗುತ್ತಾರೆ. ಚೀನಿ ಬೌದ್ಧರ ಮಡಿ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ ಎರಡೂ ನಿಷಿದ್ಧ. ಉಡುಪಿಯ ಮಠದಲ್ಲಿ ಉಂಡು ಬೆಳೆದವನಿಗೆ ಇಡೀ ಚೀನಾದಲ್ಲಿ ವಿವರಣೆ ಬೇಡದ ಜಾಗ ಇಂಥದ್ದೊಂದೇ.

ಈ ವಿಹಾರದ ನೆಪದಲ್ಲಿ ಕನ್ನಡಿಗ ಪರದೇಶಿಯ ವಿಶೇಷ ರೋಗವೊಂದನ್ನೂ ಹೇಳಿಬಿಡಬೇಕು. ಇನ್ಫೋಸಿಸ್ ಶಾಂಘೈಯಲ್ಲಿ ಅಂಗಸಂಸ್ಥೆ ತೆರೆದದ್ದು 2003ರಲ್ಲಿ. ಅಲ್ಲಿಂದೀಚೆಗೆ ಬೆಂಗಳೂರಿನ ಸಾಫ್ಟ್‌ವೇರ್ ಜನ ಚೀನಾಕ್ಕೆ ಅಪರೂಪವಲ್ಲ. 2013ರ ಅಕ್ಟೋಬರಿನಲ್ಲಿ ಬೆಂಗಳೂರು ಮತ್ತು ಚೆಂಗ್ಡುಗಳ ನಡುವೆ ಸೋದರಿ ನಗರ ಒಪ್ಪಂದವೂ ಆಯಿತು. ಟೆಕ್ ಪಾರ್ಕು, ಟ್ರಾಫಿಕ್ಕು, ಹೊರಗಿನವರು ತುಂಬಿದರೆಂಬ ಹಳಬರ ಗೊಣಗಾಟ ನೋಡಿದರೆ ಅಕ್ಕತಂಗಿಯರ ಹೋಲಿಕೆ ಸುಳ್ಳಲ್ಲ. ಇಷ್ಟಕ್ಕೆ ನಿಲ್ಲದೆ ಕನ್ನಡಿಗ ಇತಿಹಾಸಕ್ಕೂ ಕೈಹಾಕುತ್ತಾನೆ. ಏಳನೆಯ ತರಗತಿಯಲ್ಲಿ ಓದಿದ ಹ್ಯೂಯೆನ್‌ತ್ಸಾಂಗ್ ಸರಿಯಾಗಿ ದೀಕ್ಷೆ ಪಡೆದು ಭಿಕ್ಷುವಾದದ್ದು ಇದೇ ಚೆಂಗ್ಡುವಿನಲ್ಲಿ, 622ರಲ್ಲಿ. ಮುಂದೆ ಭಾರತಕ್ಕೆ ಬಂದಾಗ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ಬರೆದಿಟ್ಟವನೂ ಅವನೇ. ಅವನ ತಲೆಬುರುಡೆಯ ತುಣುಕೊಂದು ವೆನ್‌ಶು ವಿಹಾರದಲ್ಲಿದೆ. ಈ ಮೂರನ್ನೂ ಪೋಣಿಸಿ, ನಿಮಗೂ ನಮಗೂ ಸಾವಿರದ ನಾನೂರು ವರ್ಷಗಳ ನಂಟು ಎಂದು ಕನ್ನಡಿಗ ಟ್ಯಾಕ್ಸಿಯವನಿಗೆ ಹರಕು ಮ್ಯಾಂಡರಿನ್‌ನಲ್ಲಿ ಹೇಳುತ್ತಾನೆ. ಟ್ಯಾಕ್ಸಿಯವನು ತಾಳ್ಮೆಯಿಂದ ಎಲ್ಲ ಕೇಳಿ, "ಭಾರತ ಎಂದಿರಾ? ದಂಗಲ್! ಅಮೀರ್ ಖಾನ್!" ಎಂದು ಹೆಬ್ಬೆರಳು ಎತ್ತುತ್ತಾನೆ. 2017ರಲ್ಲಿ ಆ ಸಿನಿಮಾ ಚೀನಾದಲ್ಲಿ ಗಳಿಸಿದ್ದರ ಮುಂದೆ ಪುಲಕೇಶಿಯ ನಂಟು ನಿಲ್ಲುವುದಿಲ್ಲ.

ಐದಾರು ತಿಂಗಳು ಕಳೆಯುವ ಹೊತ್ತಿಗೆ ಇವನಲ್ಲಿ ಬದಲಾವಣೆ ಶುರುವಾಗುತ್ತದೆ; ಇವನ ಗಮನಕ್ಕೆ ಬರುವುದಿಲ್ಲ ಅಷ್ಟೆ. ಚೆಂಗ್ಡುವಿನ ಆಕಾಶ ವರ್ಷದ ಬಹುಪಾಲು ಬೂದಿ ಬಣ್ಣ. ಸಿಚುವಾನಿನ ನಾಯಿ ಸೂರ್ಯನನ್ನು ಕಂಡು ಬೊಗಳುತ್ತದೆ ಎಂಬ ಗಾದೆಯೇ ಚೀನಾದಲ್ಲಿದೆ. ಬಿಸಿಲು ಬಿದ್ದ ದಿನ ಊರಿಗೆ ಊರೇ ಪೀಪಲ್ಸ್ ಪಾರ್ಕಿನಲ್ಲಿರುತ್ತದೆ. ಅಲ್ಲಿನ ನೂರು ವರ್ಷ ಹಳೆಯ ಚಹಾ ಅಂಗಳದಲ್ಲಿ ಬಿದಿರ ಕುರ್ಚಿ ಎಳೆದುಕೊಂಡು, ಮುಚ್ಚಳದ ಬಟ್ಟಲಲ್ಲಿ ಒಂದೇ ಚಹಾ ಎಲೆಗೆ ಬೆಳಗಿಂದ ಸಂಜೆಯವರೆಗೆ ಬಿಸಿನೀರು ಹುಯ್ಯಿಸಿಕೊಳ್ಳುತ್ತ ಕೂತಿರುವವರ ನಡುವೆ ಒಂದು ಮಂಗಳವಾರ ಇವನೂ ಕಾಣುತ್ತಾನೆ. ಆಫೀಸಿನ ಮೀಟಿಂಗು ಎಲ್ಲಿಗೆ ಹೋಯಿತೋ. ಕಿವಿ ಶುದ್ಧಿ ಮಾಡುವವನು ಚಿಮಟ ಕಿಣಿಕಿಣಿಸುತ್ತ ಬರುತ್ತಾನೆ. ಶ್ರುತಿದಂಡ ಮೀಟಿ ಕಿವಿಯ ಬಳಿ ಹಿಡಿದಾಗ ಇವನ ಕಣ್ಣು ತಾನಾಗಿ ಮುಚ್ಚುತ್ತದೆ. ಸರಿ ಎನ್ನಬೇಕಾದಲ್ಲೆಲ್ಲ ಊರವರಂತೆ "ಯಾವ್ದೆ" ಎನ್ನುವುದು ರೂಢಿಯಾಗುತ್ತದೆ. ಹೊಸದಾಗಿ ಬಂದವರು ವೀಚಾಟ್ ಗುಂಪಿನಲ್ಲಿ ಮನೆ ಎಲ್ಲಿ ಹುಡುಕಲಿ ಎಂದು ಕೇಳಿದರೆ ಇವನ ಉತ್ತರ ಹನ್ನೆರಡು ಸಂದೇಶಗಳಷ್ಟು ಉದ್ದ. ಗುಂಪಿಗೆ 500 ಜನರ ಮಿತಿಯಿದೆ, ಉತ್ತರಕ್ಕಿಲ್ಲ.

ಇಷ್ಟರಲ್ಲಿ ಕಂಪನಿ ಇವನನ್ನು ವಾಪಸು ಶಾಂಘೈಗೆ ಕಳಿಸುತ್ತದೆ. ಮತ್ತೆ ಮೊಹರುಗಳು, ಮತ್ತೆ 24 ಗಂಟೆ. ಪಶ್ಚಿಮದ 10 ಅಂಕ ಕೈಬಿಟ್ಟುಹೋಗುತ್ತದೆ. ಕುಕ್ಕರು, ಗಾಳಿ ಶುದ್ಧೀಕರಿಸುವ ಯಂತ್ರ, ಎಲೆಕ್ಟ್ರಿಕ್ ಸ್ಕೂಟರು ಗುಂಪಿನಲ್ಲಿ ಮಾರಾಟವಾಗುತ್ತವೆ. ಇಡ್ಲಿ ಸ್ಟ್ಯಾಂಡನ್ನು ಮಾತ್ರ ಹೆಂಡತಿ ಮಾರಲು ಬಿಡುವುದಿಲ್ಲ; ತರಕಾರಿ ಮುದುಕಿಗೆ ಬೇಕೆಂದು ಕೊಟ್ಟುಬರುತ್ತಾಳೆ.

ಶಾಂಘೈಗೆ ಇಳಿದ ಮರುದಿನ ಬೆಳಿಗ್ಗೆ ಇವನು ಹಳೆಯ ಬೀದಿಗೆ ಹೋಗುತ್ತಾನೆ. ಸಾಲುಮರಗಳು ಇದ್ದಲ್ಲೇ ಇವೆ. ಐದು ವರ್ಷ ತಿಂಡಿ ತಿಂದ ಹಬೆಕಡುಬಿನ ಅಂಗಡಿ ಇದ್ದಲ್ಲಿ ಬಣ್ಣದ ದೀಪಗಳ ಹಾಲುಚಹಾ ಅಂಗಡಿ. ಗೇಟಿನ ಕಾವಲುಗಾರ ಹೊಸಬ. ಯಾರು ಬೇಕೆಂದು ಕೇಳುತ್ತಾನೆ. ವಿಧಿಯಿಲ್ಲದೆ ಚಹಾ ಅಂಗಡಿಗೆ ಹೋದರೆ ಕೌಂಟರಿನ ಹುಡುಗಿ ಸಕ್ಕರೆ ಪೂರ್ತಿ ಹಾಕಲೇ ಎನ್ನುತ್ತಾಳೆ. ಇವನು ಅಭ್ಯಾಸಬಲದಿಂದ "ಯಾವ್ದೆ" ಎನ್ನುತ್ತಾನೆ.

"ಸಾರ್ ಸಿಚುವಾನ್ ಕಡೆಯವರಾ?" ಎಂದು ಹುಡುಗಿ ನಗುತ್ತಾಳೆ.

ಇವನು ಅಂಗಡಿಯನ್ನೂ ಬೀದಿಯನ್ನೂ ಗೇಟನ್ನೂ ಒಮ್ಮೆ ನೋಡಿ, "ಶಾಂಘೈಯಲ್ಲಿ ಹೀಗಿರಲಿಲ್ಲ" ಎನ್ನುತ್ತಾನೆ.

ಹುಡುಗಿ ಆನ್‌ಹುಯ್ ಪ್ರಾಂತ್ಯದ ಹಳ್ಳಿಯಿಂದ ಬಂದು ಎರಡು ತಿಂಗಳಾಗಿದೆ. ಇದ್ದರೂ ಇರಬಹುದು ಎಂದು ಲೋಟಕ್ಕೆ ಮುಚ್ಚಳ ಒತ್ತಿ ಕೊಡುತ್ತಾಳೆ.